ಎಂಜಿನ್ನಿಗೂ ಒಂದು ವ್ಯಾಕರಣವುಂಟು

ವ್ಯಾಕರಣವನ್ನು ಅಲ್ಪಸ್ವಲ್ಪ ಓದಿದವರಿಗೂ ಲೋಪ, ಆಗಮ, ಆದೇಶಗಳೆಂಬ ಮೂರು ಮಾತುಗಳು ಪರಿಚಿತವಾದವುಗಳೇ. ಇದ್ದುದು ಹೋದರೆ ಲೋಪ; ಇಲ್ಲದುದು ಬಂದು ಸೇರಿದರೆ ಆಗಮ; ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ನಿಂತರೆ ಆದೇಶ. ಊರು ಮತ್ತು ಅಲ್ಲಿ ಎಂಬೆರಡು ಕೂಡಿ ‘ಊರಲ್ಲಿ’ ಎಂದಾಗುವಾಗ ಉಕಾರವು ಲೋಪವಾಗುತ್ತದೆ. ಮನೆ ಮತ್ತು ಅಲ್ಲಿ ಕೂಡಿ ‘ಮನೆಯಲ್ಲಿ’ ಎಂದಾಗುವಾಗ ಯಕಾರವು ಆಗಮವಾಗುತ್ತದೆ. ಮಳೆ ಮತ್ತು ಕಾಲ ಕೂಡಿ ‘ಮಳೆಗಾಲ’ ಎಂದಾಗುವಾಗ ಕಕಾರದ ಸ್ಥಾನಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಆಗಮವು ಮಿತ್ರನಂತೆ, ಆದೇಶವು ಶತ್ರುವಿನಂತೆ ಎಂದು ವೈಯಾಕರಣರು ಹೇಳುವುದುಂಟು. ಮಿತ್ರನು ಬಂದರೆ ಇದ್ದವರನ್ನು ಎಬ್ಬಿಸದೆ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಶತ್ರುವು ಬಂದರೆ ಇದ್ದವನನ್ನು ಹೊರಗಟ್ಟಿ ಆ ಪೀಠವನ್ನೇ ಏರುತ್ತಾನೆ.

ನಮ್ಮ ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಈ ಪಂಡಿತನು ಪಂಪ ರನ್ನರ ವಿಚಾರವನ್ನೋ ಶಿವಶರಣರ ವಿಚಾರವನ್ನೋ ಬರೆದಾನೆಂದು ಅವರು ಎಣಿಸಿದ್ದರೆ ಅದು ಸಹಜವೇ ಸರಿ. ಆದರೆ ಈ ಸಲ ನಾನು ನಿರೂಪಿಸಹೊರಟಿರುವುದು ಒಂದು ಹಳೆಯ ಮೋಟಾರು ಕಾರಿನ ಎಂಜಿನ್ನನ್ನು ತೆಗೆದು ಬೇರೊಂದನ್ನು ಕೂಡಿಸಿದ ಸಂಗತಿಯನ್ನು. ಕೌಮುದಿಯ ಪುಟಗಳಲ್ಲಿ ನಾನು ಓದಿದ ಆದೇಶದ ತತ್ತ್ವವನ್ನು, ಎಣ್ಣೆಯ ಮಸಿ ಹತ್ತಿದ ಕೈಗಳು ಕಬ್ಬಿಣದಲ್ಲಿ ಬರೆದುದನ್ನು ಕಣ್ಣಾರೆ ಕಂಡೆನಾದ್ದರಿಂದ, ಇದು ನನ್ನ ಅಧಿಕಾರಕ್ಕೆ ತೀರ ಹೊರಗಿನ ವಿಷಯವೆಂದು ವಾಚಕರು ಭಾವಿಸಲಾರರೆಂದು ನಂಬಿದ್ದೇನೆ.

ಈ ಕೆಲಸವನ್ನು ಮಾಡಿದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಬೆಳೆದವನು. ಅವನ ತಂದೆ ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದರು. ಗಿರಣಿಯ ಡೀಸೆಲ್ ಎಂಜಿನ್ನಿನ ಸದ್ದು ಒಂದಿಷ್ಟು ವ್ಯತ್ಯಾಸವಾದರೆ ಹುಡುಗನು ಪುಸ್ತಕವನ್ನು ಮಗುಚಿಟ್ಟು ಕಿವಿಗೊಡುತ್ತಿದ್ದನೆಂದು ಅವರು ಹೇಳುತ್ತಿದ್ದುದುಂಟು. ಮುಂದೆ ಎಂಜಿನಿಯರಿಂಗ್ ಓದಿ, ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿ ನೆಲೆಸಿದನು. ಹೊಟ್ಟೆಪಾಡಿನ ಉದ್ಯೋಗ ಗಣಕಯಂತ್ರದ್ದಾದರೂ ಬಾಲ್ಯದ ಒಲವು ಕಬ್ಬಿಣವನ್ನು ಬಿಡಲಿಲ್ಲ. 2023ನೆಯ ಇಸವಿಯ ಮೇ ತಿಂಗಳಿನಲ್ಲಿ ಅವನ ಆಗ್ರಹಕ್ಕೆ ಕಟ್ಟುಬಿದ್ದು ನಾನು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದೆ. ಅವನ ಮನೆಯ ಗರಾಜಿನಲ್ಲಿ ಆಗಲೇ ಎರಡು ಬಾಗಿಲಿನ ನೀಲಿ ಕಾರೊಂದು ನಾಲ್ಕು ಊರೆಗಂಬಗಳ ಮೇಲೆ ನಿಂತಿತ್ತು. ಅದು ಸುಬಾರು ಇಂಪ್ರೆಝಾ ಎಂಬ ಜಪಾನೀ ಕಾರಿನ 2000ನೆಯ ಇಸವಿಯ ಮಾದರಿ.

ಸುಬಾರು ಎಂಬ ಹೆಸರಿನ ಅರ್ಥವನ್ನು ಕೇಳಿ ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾವು ಕೃತ್ತಿಕೆಯೆಂದು ಕರೆಯುವ ನಕ್ಷತ್ರಪುಂಜಕ್ಕೆ ಜಪಾನೀ ಭಾಷೆಯಲ್ಲಿ ಸುಬಾರು ಎಂದು ಹೆಸರು. ಒಂದುಗೂಡುವುದೆಂಬ ಭಾವವೂ ಆ ಶಬ್ದದಲ್ಲಿ ಅಡಗಿದೆಯಂತೆ. 1953ರಲ್ಲಿ ಐದು ಕಂಪನಿಗಳು ಒಂದುಗೂಡಿ ಹುಟ್ಟಿದ ಸಂಸ್ಥೆಯಾದ್ದರಿಂದ ಅದರ ಲಾಂಛನದಲ್ಲಿ ದೊಡ್ಡದೊಂದು, ಚಿಕ್ಕವು ಐದು, ಒಟ್ಟು ಆರು ನಕ್ಷತ್ರಗಳಿವೆ. ಷಣ್ಮುಖನಿಗೆ ಮೊಲೆಯೂಡಿದ ಆರು ತಾಯಂದಿರನ್ನು ಕಾರಿನ ನೆತ್ತಿಯಲ್ಲಿ ಕಂಡಾಗ, ಎಲ್ಲಿಯ ಕ್ಯಾಲಿಫೋರ್ನಿಯ, ಎಲ್ಲಿಯ ಕುಮಾರಸ್ವಾಮಿ ಎಂದು ಬೆರಗಾದೆನು.

ಇನ್ನು ಈ ಕಾರಿನ ಎಂಜಿನ್ನನ್ನೇಕೆ ಬದಲಾಯಿಸಬೇಕು? ಇಲ್ಲಿ ಸ್ವಲ್ಪ ಇತಿಹಾಸವನ್ನು ಹೇಳಬೇಕಾಗುತ್ತದೆ. ಇಂಪ್ರೆಝಾ ಮೊದಲು ಬೆಳಕು ಕಂಡುದು 1992ರಲ್ಲಿ, ಜಪಾನಿನಲ್ಲಿ. ಕಾಡುಮೇಡು, ಹಿಮ, ಜಲ್ಲಿದಾರಿಗಳಲ್ಲಿ ನಡೆಯುವ ವಿಶ್ವ ರ‍್ಯಾಲಿ ಸ್ಪರ್ಧೆಯಲ್ಲಿ ಅದು 1995, 1996, 1997 ಹೀಗೆ ಮೂರು ವರ್ಷ ಎಡೆಬಿಡದೆ ತಯಾರಕರ ಪ್ರಶಸ್ತಿಯನ್ನು ಗೆದ್ದಿತು. 1995ರಲ್ಲಿ ಕಾಲಿನ್ ಮ್ಯಾಕ್ರೇ ಎಂಬ ಸ್ಕಾಟ್‌ಲೆಂಡಿನ ಚಾಲಕನು ಅದನ್ನೇ ಓಡಿಸಿ ವಿಶ್ವವಿಜೇತನಾದನು. 1997ರಲ್ಲಿ ಸ್ಪರ್ಧೆಗಿಳಿದ ಗಾಡಿಯು ಎರಡು ಬಾಗಿಲಿನದು. ಅದರ ಒಡಲಲ್ಲಿದ್ದುದು ಟರ್ಬೋಚಾರ್ಜರ್ ಕೂಡಿದ ಎರಡು ಲೀಟರಿನ ಎಂಜಿನ್. ಆದರೆ ಅಮೆರಿಕದ ಕೊಳ್ಳುಗರಿಗೆ ಈ ಭಾಗ್ಯ ಅರ್ಧ ಮಾತ್ರ ದೊರೆಯಿತು. 1998ರಿಂದ 2001ರವರೆಗಿನ ಮಾದರಿಗಳಲ್ಲಿ ಅಲ್ಲಿಗೆ ಬಂದ 2.5 ಆರ್‌ಎಸ್ ಎಂಬ ಎರಡು ಬಾಗಿಲಿನ ಕಾರು ರೂಪದಲ್ಲಿ ಆ ವಿಜೇತನ ಒಡಹುಟ್ಟಿದಂತಿದ್ದರೂ ಅದಕ್ಕೆ ಟರ್ಬೋ ಇರಲಿಲ್ಲ. ಟರ್ಬೋ ಎಂಜಿನ್ ಇದ್ದ ಡಬ್ಲ್ಯುಆರ್‌ಎಕ್ಸ್ 2002ರ ಮಾದರಿಯಾಗಿ ಅಮೆರಿಕಕ್ಕೆ ಬಂದಾಗ ಎರಡು ಬಾಗಿಲಿನ ರೂಪವೇ ನಿಂತುಹೋಗಿತ್ತು. ಹೀಗೆ ಶರೀರ ಬಂದಾಗ ಪ್ರಾಣ ಬರಲಿಲ್ಲ, ಪ್ರಾಣ ಬಂದಾಗ ಶರೀರ ಉಳಿಯಲಿಲ್ಲ. ಇವೆರಡನ್ನೂ ಕೂಡಿಸುವ ಹಂಬಲದಿಂದ ಅಲ್ಲಿನ ಎಷ್ಟೋ ಜನ ಹವ್ಯಾಸಿಗಳು ತಮ್ಮ ಗರಾಜುಗಳಲ್ಲಿ ಈ ಕೆಲಸಕ್ಕೆ ಕೈಹಾಕಿದರು.

ಈ ನೀಲಿ ಕಾರಿನ ಬಾನೆಟ್ಟಿನ ಮೇಲೆ ಗಾಳಿಯನ್ನು ಒಳಗೆ ಸೆಳೆಯುವ ಬಾಯೊಂದಿತ್ತು. ಟರ್ಬೋ ಗಾಡಿಯಲ್ಲಿ ಆ ಬಾಯಿಯ ಕೆಳಗೆ ಇಂಟರ್‌ಕೂಲರ್ ಇರುತ್ತದೆ. ಇಲ್ಲಿ ಅದು ಇರಲಿಲ್ಲವಾದ್ದರಿಂದ ಬಾಯಿ ಶೋಭೆಗಷ್ಟೇ ಇತ್ತು. “ಅಲಂಕಾರವುಂಟು, ಅರ್ಥವಿಲ್ಲ” ಎಂದು ನಾನೆಂದಾಗ ಶಿಷ್ಯನು ನಕ್ಕು, “ಅರ್ಥ ತುಂಬುವುದಕ್ಕೇ ಹೊರಟಿದ್ದೇನೆ, ಗುರುಗಳೇ” ಎಂದನು. ಹಳೆಯ ಎಂಜಿನ್ ಎರಡು ದಶಕಗಳಿಗೂ ಮೀರಿ ದುಡಿದು ಹಣ್ಣಾಗಿತ್ತು. ಹಿಂಬದಿಗೆ ಪೆಟ್ಟು ತಿಂದು ಗುಜರಿಗೆ ಬಂದ, ಕ್ಯಾಲಿಫೋರ್ನಿಯದಲ್ಲಿಯೇ ಮಾರಾಟವಾಗಿದ್ದ 2003ರ ಡಬ್ಲ್ಯುಆರ್‌ಎಕ್ಸ್ ಕಾರೊಂದನ್ನು ಅವನು ಇಡಿಯಾಗಿ ಕೊಂಡು ತಂದಿದ್ದನು.

ಟರ್ಬೋಚಾರ್ಜರ್ ಎಂದರೇನೆಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದು ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಶಕ್ತಿಯಿರುತ್ತದೆ. ಆ ಹೊಗೆಯು ಹೊರಹೋಗುವ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ; ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕಿಂತಲೂ ಹೆಚ್ಚು ಸುತ್ತು ತಿರುಗಬಲ್ಲವು. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಆದ್ದರಿಂದ ಸಣ್ಣ ಎಂಜಿನ್ ದೊಡ್ಡದರ ಕೆಲಸವನ್ನು ಮಾಡುತ್ತದೆ. ಹಳೆಯದು 2457 ಘನ ಸೆಂಟಿಮೀಟರಿನದಾದರೂ ಅದರ ಬಲ 165 ಅಶ್ವಶಕ್ತಿ. ಹೊಸದು 1994 ಘನ ಸೆಂಟಿಮೀಟರಿನದೇ ಆದರೂ ಅದರ ಬಲ 227 ಅಶ್ವಶಕ್ತಿ. ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. ಕಾದ ಗಾಳಿ ಹಗುರ. ಅದನ್ನು ಮತ್ತೆ ತಣಿಸುವ ಸಾಧನವೇ ಇಂಟರ್‌ಕೂಲರ್.

ಶಿಷ್ಯನ ಮಗನಿಗೆ ಆಗ ಹದಿನಾರು ತುಂಬಿತ್ತು. ಕಾರು ಮುಂದೆ ಅವನದಾಗಬೇಕೆಂದು ಮನೆಯಲ್ಲಿ ಮಾತಾಗಿತ್ತು. ಅವನು ಚೂಟಿ ಹುಡುಗ. “ಅಪ್ಪಾ, ಇದ್ದ ಎಂಜಿನ್ನಿಗೇ ಒಂದು ಟರ್ಬೋ ಸೇರಿಸಿದರೆ ಸಾಲದೇ? ತೆಗೆಯುವ ತೊಂದರೆಯೇ ಇಲ್ಲ” ಎಂದು ಕೇಳಿದನು. ಎಂದರೆ, ಆದೇಶವೇಕೆ, ಆಗಮವಾದರೆ ಸಾಲದೇ ಎಂಬುದು ಪ್ರಶ್ನೆ! ತಂದೆಯ ಉತ್ತರ ಸ್ಪಷ್ಟವಾಗಿತ್ತು. ಹಳೆಯ ಎಂಜಿನ್ ತಾನು ಸೆಳೆದುಕೊಂಡ ಗಾಳಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಟರ್ಬೋ ಎಂಜಿನ್ ಎಂಟರಲ್ಲಿ ಒಂದು ಪಾಲಿಗೆ ಮಾತ್ರ ಒತ್ತುತ್ತದೆ. ಮೊದಲೇ ಒತ್ತಿದ ಗಾಳಿಯನ್ನು ಹತ್ತು ಪಟ್ಟು ಒತ್ತುವ ಎಂಜಿನ್ನಿಗೆ ತುಂಬಿದರೆ ಪೆಟ್ರೋಲು ಹೊತ್ತಬೇಕಾದ ಕ್ರಮದಲ್ಲಿ ಹೊತ್ತದೆ ಸಿಡಿದು ಪಿಸ್ಟನ್ನುಗಳನ್ನೇ ಒಡೆಯಬಹುದು. ಬರುವ ಮಿತ್ರನನ್ನು ಕೂರಿಸಲು ಮನೆಯಲ್ಲಿ ಎಡೆಯಿಲ್ಲದಾಗ ಮಿತ್ರನೂ ಭಾರವೇ. ಆದ್ದರಿಂದ ಇಲ್ಲಿ ಆದೇಶವೇ ಯುಕ್ತವೆಂದು ನಿರ್ಣಯವಾಯಿತು.

ಹಳೆಯ ಎಂಜಿನ್ನನ್ನು ಬಿಚ್ಚಿ ಎತ್ತಲು ತಂದೆಮಕ್ಕಳಿಗೆ ಎರಡು ದಿನ ಸಾಕಾಯಿತು. ಸುಬಾರುವಿನ ಎಂಜಿನ್ ನಿಂತಿರುವುದಲ್ಲ, ಮಲಗಿರುವುದು. ನಾಲ್ಕು ಸಿಲಿಂಡರುಗಳಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ಮುಖಮಾಡಿರುತ್ತವೆ. ಎದುರುಬದುರಾದ ಪಿಸ್ಟನ್ನುಗಳು ತಾಳ ಹಾಕುವ ಎರಡು ಕೈಗಳಂತೆ ಒಮ್ಮೆಗೇ ಅಗಲುತ್ತವೆ, ಒಮ್ಮೆಗೇ ಸಮೀಪಿಸುತ್ತವೆ. ಆದ್ದರಿಂದಲೇ ಭಾರವೆಲ್ಲ ನೆಲಕ್ಕೆ ಹತ್ತಿರವಾಗಿದ್ದು ಗಾಡಿಗೆ ಸ್ಥಿರತೆಯುಂಟಾಗುತ್ತದೆ. ಹಳೆಯದೂ ಹೊಸದೂ ಒಂದೇ ವಂಶದವು. “ಎಂಜಿನ್ ಕೂಡಿಸುವುದು ಎರಡು ದಿನದ ಕೆಲಸ, ಗುರುಗಳೇ, ಗಾಡಿ ಅದನ್ನು ಒಪ್ಪಿಕೊಳ್ಳುವ ಹಾಗೆ ಮಾಡುವುದೇ ಇರುವ ಕೆಲಸ” ಎಂದು ಶಿಷ್ಯನು ಹೇಳಿದ ಮಾತಿನ ಮರ್ಮ ಮುಂದಿನ ದಿನಗಳಲ್ಲಿ ನನಗೆ ವಿಶದವಾಯಿತು.

ಮಹರ್ಷಿ ಪಾಣಿನಿಯು ಆದೇಶದ ವಿಷಯದಲ್ಲಿ ಒಂದು ಅಪೂರ್ವವಾದ ನಿಯಮವನ್ನು ಮಾಡಿದ್ದಾನೆ. ಯಾವುದರ ಸ್ಥಾನಕ್ಕೆ ಆದೇಶವು ಬಂದಿದೆಯೋ ಅದಕ್ಕೆ ಸ್ಥಾನಿಯೆಂದು ಹೆಸರು. ಆದೇಶವು ಸ್ಥಾನಿಯಂತೆಯೇ ನಡೆದುಕೊಳ್ಳಬೇಕು. ಸ್ಥಾನಿಗೆ ಸಲ್ಲುತ್ತಿದ್ದ ಕಾರ್ಯಗಳೆಲ್ಲ ಆದೇಶಕ್ಕೂ ಸಲ್ಲಬೇಕು. ‘ಕೃತ್ವಾ’ ಎಂಬಲ್ಲಿರುವ ಪ್ರತ್ಯಯವು ‘ಅಲಂಕೃತ್ಯ’ ಎಂಬಲ್ಲಿ ಹೋಗಿ ಬೇರೆ ಪ್ರತ್ಯಯವು ಆದೇಶವಾಗಿ ಬಂದಿದೆಯಾದರೂ ಮೊದಲನೆಯದು ಅವ್ಯಯವಾಗಿದ್ದಂತೆಯೇ ಎರಡನೆಯದೂ ಅವ್ಯಯವಾಗಿಯೇ ಉಳಿಯುತ್ತದೆ. ಪೀಠವನ್ನು ಕಿತ್ತುಕೊಂಡವನು ಪೀಠದ ಧರ್ಮವನ್ನೂ ಹೊರಬೇಕು. ಆದರೆ ಇದಕ್ಕೊಂದು ಅಪವಾದವುಂಟು. ವರ್ಣವನ್ನೇ, ಎಂದರೆ ಆ ಅಕ್ಷರದ ಸ್ವರೂಪವನ್ನೇ, ಆಶ್ರಯಿಸಿದ ವಿಧಿಗಳಲ್ಲಿ ಆದೇಶವು ಸ್ಥಾನಿಯಂತಾಗಲಾರದು. ಅಲ್ಲಿ ಅದನ್ನು ಅದರ ಸ್ವರೂಪದಂತೆಯೇ ಕಾಣಬೇಕು.

ಆ ಗರಾಜಿನಲ್ಲಿ ನಾನು ಕಂಡುದು ಈ ನಿಯಮದ ಎರಡು ಭಾಗಗಳನ್ನೂ ಸಾಕಾರವಾಗಿ. ಮೊದಲನೆಯ ಭಾಗ ವೈರಿಂಗಿನದು. ಹಳೆಯ ಕಾರಿನ ಮುಂಫಲಕದಲ್ಲಿ ಸುತ್ತುಗಳನ್ನು ತೋರಿಸುವ ಮುಳ್ಳು, ಕಾವನ್ನು ತೋರಿಸುವ ಮುಳ್ಳು, ಎಣ್ಣೆಯ ಒತ್ತಡ ತಗ್ಗಿದರೆ ಎಚ್ಚರಿಸುವ ಕೆಂಪು ದೀಪ ಇವೆಲ್ಲ ಹಳೆಯ ಎಂಜಿನ್ನಿನ ಮಾತನ್ನು ಕೇಳಿ ಅಭ್ಯಾಸವಾದವು. ಈಗ ಹೊಸಬನು ಅದೇ ಮಾತನ್ನು ಅದೇ ತಂತಿಯಲ್ಲಿ ನುಡಿಯಬೇಕು. ಹೊಸ ಎಂಜಿನ್ನಿನ ಗಣಕಕ್ಕೆ ಗಾಡಿಯ ವೇಗವೆಷ್ಟೆಂಬ ವಾರ್ತೆ ಹಳೆಯ ಗಾಡಿಯಿಂದ ಮುಟ್ಟಬೇಕು. ಹವಾನಿಯಂತ್ರಕವನ್ನು ಹಾಕಿದೊಡನೆ ಎಂಜಿನ್ ತನ್ನ ಸುತ್ತುಗಳನ್ನು ತುಸು ಏರಿಸಿಕೊಂಡು ಆ ಭಾರವನ್ನು ಹೊರಬೇಕು. ಎರಡು ಕಾರುಗಳ ತಂತಿಗಳ ನಕ್ಷೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದು ತಂತಿಯ ಬಣ್ಣವನ್ನೂ ಕೊನೆಯನ್ನೂ ಹೋಲಿಸಿ ಬರೆದುಕೊಳ್ಳುವುದರಲ್ಲಿ ಅವರಿಗೆ ಏಳು ವಾರ ಹಿಡಿಯಿತು. ಎರಡು ತಾಳೆಯೋಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠವನ್ನು ನಿರ್ಣಯಿಸುವ ಸಂಪಾದಕರ ತಾಳ್ಮೆಗೂ ಇದಕ್ಕೂ ನನಗೆ ಅಂತರ ಕಾಣಲಿಲ್ಲ. ತಂತಿಗಳನ್ನು ತಿರುಚಿ ಟೇಪು ಸುತ್ತಿದರಾಯಿತೆಂದು ಮಗನೆಂದರೆ, ಪ್ರತಿಯೊಂದನ್ನೂ ಬೆಸುಗೆ ಹಾಕಿಯೇ ಮುಚ್ಚಬೇಕೆಂದು ತಂದೆ ಹಟಹಿಡಿಯುತ್ತಿದ್ದನು.

ಎರಡನೆಯ ಭಾಗ ಸ್ವರೂಪವನ್ನು ಆಶ್ರಯಿಸಿದ ವಿಧಿಗಳದು. ಹಳೆಯ ಎಂಜಿನ್ ಸಾಧಾರಣ ಪೆಟ್ರೋಲಿನಿಂದಲೇ ತೃಪ್ತಿಪಡುತ್ತಿತ್ತು. ಹೊಸದಕ್ಕೆ ಸಿಡಿಯದೆ ಉರಿಯುವ 91 ಆಕ್ಟೇನಿನ ಉತ್ತಮ ಪೆಟ್ರೋಲೇ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಒದಗಿಸುವ ಪಂಪು ಬೇಕು. ಟರ್ಬೋವಿನ ಚಕ್ರ ತಿರುಗುವ ಅಚ್ಚಿಗೆ ಎಣ್ಣೆಯ ಕೊಳವೆ ಬೇರೆ, ತಣ್ಣೀರಿನ ಕೊಳವೆ ಬೇರೆ. ಹೊಗೆಯ ಕೊಳವೆ ಟರ್ಬೋವಿನತ್ತ ಏರಿಹೋಗಲು ಎಡೆಯಿರಬೇಕಾದ್ದರಿಂದ ಎಂಜಿನ್ ಕೂರುವ ಅಡ್ಡತೊಲೆಯನ್ನೇ ಟರ್ಬೋ ಗಾಡಿಯದನ್ನು ತಂದು ಹಾಕಬೇಕಾಯಿತು. ಟೈಮಿಂಗ್ ಬೆಲ್ಟು ಹರಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುವ ಬಗೆಯದಾದ್ದರಿಂದ, ಎಂಜಿನ್ ಹೊರಗಿರುವಾಗಲೇ ಹೊಸ ಬೆಲ್ಟನ್ನು ಹಾಕಿದರು. ಇವುಗಳಲ್ಲಿ ಒಂದನ್ನಾದರೂ ‘ಹಳೆಯದು ಹೀಗೆಯೇ ನಡೆಯುತ್ತಿತ್ತಲ್ಲ’ ಎಂದು ಬಿಟ್ಟಿದ್ದರೆ ಹೊಸ ಎಂಜಿನ್ ಬಾಳುತ್ತಿರಲಿಲ್ಲ.

ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹಂಚಿಕೆಯಾಗುವ ಗಾಡಿಯಾದ್ದರಿಂದ ಇನ್ನೊಂದು ಸೂಕ್ಷ್ಮವೂ ಇತ್ತು. ಸಾಧಾರಣವಾದ ಕಾರಿನಲ್ಲಿ ಎರಡೇ ಗಾಲಿಗಳಿಗೆ ಬಲ ದೊರೆಯುತ್ತದೆ. ಈ ಕಾರಿನಲ್ಲಿ ಗೇರ್‌ಬಾಕ್ಸಿನೊಳಗೆ ನಡುವಣ ಡಿಫರೆನ್ಷಿಯಲ್ ಒಂದಿದ್ದು, ಅದು ಬಲವನ್ನು ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ ಹಂಚುತ್ತದೆ. ಒಂದೆಡೆಯ ಗಾಲಿಗಳು ಕೆಸರಿನಲ್ಲಿ ಜಾರತೊಡಗಿದರೆ, ಅಲ್ಲಿಯೇ ಇರುವ ಗಟ್ಟಿದ್ರವದ ಜೋಡಣೆಯೊಂದು ಬಿಗಿಹಿಡಿದು ಬಲವನ್ನು ಇನ್ನೊಂದೆಡೆಗೆ ಸಾಗಿಸುತ್ತದೆ. ಹೀಗಿರುವಾಗ ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಒಂದೇ ಲೆಕ್ಕದಲ್ಲಿ ತಿರುಗಬೇಕು. ನಾಲ್ಕು ಟೈರುಗಳ ಸುತ್ತಳತೆಗಳಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸವಿರಕೂಡದೆಂದು ತಯಾರಕರ ಸೂಚನೆ. ಟೈರಿನ ವಿಷಯದಲ್ಲಿಯೇ ಇಷ್ಟಾದರೆ ಹಲ್ಲುಗಾಲಿಗಳ ವಿಷಯದಲ್ಲಿ ಇನ್ನೆಷ್ಟು! ಹಳೆಯ ಕಾರಿನಲ್ಲಿ ಮುಂದೆ 4.11, ಹಿಂದೆಯೂ 4.11 ಪ್ರಮಾಣ. ಟರ್ಬೋ ಕಾರಿನ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ 3.9, ಹಿಂದಕ್ಕೆ ಹೋಗುವ ದಾರಿಯಲ್ಲಿ 1.1ರ ಒಂದು ಹಲ್ಲುಗಾಲಿಯಿದ್ದು ಹಿಂದಿನ ಡಿಫರೆನ್ಷಿಯಲ್ 3.54ರದು.

“ಅಜ್ಜಾ, ನೋಡಿರಿ” ಎಂದು ಹುಡುಗನು ನನ್ನ ಮುಂದೆ ಕಾಗದದಲ್ಲಿ ಗುಣಿಸಿ ತೋರಿಸಿದನು. 3.54ನ್ನು 1.1ರಿಂದ ಗುಣಿಸಿದರೆ 3.9 ಬರುತ್ತದೆ, ಮುಂದೂ ಹಿಂದೂ ಸಮ. ಹೊಸ ಗೇರ್‌ಬಾಕ್ಸನ್ನು ಹಾಕಿ ಹಿಂದಿನ ಹಳೆಯ ಡಿಫರೆನ್ಷಿಯಲ್ಲನ್ನೇ ಉಳಿಸಿದರೆ 4.11ನ್ನು 1.1ರಿಂದ ಗುಣಿಸಿ 4.52 ಆಗುತ್ತದೆ, ಮುಂದೆ ಮಾತ್ರ 3.9. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಓಡಿ ಇನ್ನೊಂದು ನಡೆದಂತಾಗಿ, ಕೆಲವೇ ಮೈಲುಗಳಲ್ಲಿ ನಡುವಣ ಜೋಡಣೆ ಸುಟ್ಟುಹೋಗುತ್ತದೆ. ಆದ್ದರಿಂದ ಎಂಜಿನ್ನಿನೊಡನೆ ಗೇರ್‌ಬಾಕ್ಸು, ಗೇರ್‌ಬಾಕ್ಸಿನೊಡನೆ ಹಿಂದಿನ ಡಿಫರೆನ್ಷಿಯಲ್ಲು ಹೀಗೆ ಒಂದರ ಕೈಹಿಡಿದು ಇನ್ನೊಂದು ಬರಬೇಕಾಯಿತು.

ಜುಲೈ ತಿಂಗಳ ಕೊನೆಯ ಒಂದು ಸಂಜೆ ಎಂಜಿನ್ ಮೊದಲ ಬಾರಿಗೆ ಉಸಿರಾಡಿತು. ಹೊಗೆಯ ಕೊಳವೆಗಳು ಒಂದೇ ಉದ್ದವಾಗಿಲ್ಲದಿರುವುದರಿಂದ ಈ ಎಂಜಿನ್ನಿಗೆ ಗುಡುಗುಡು ಎಂಬ ಒಂದು ವಿಶಿಷ್ಟವಾದ ಧ್ವನಿಯಿದೆ. ಅದನ್ನು ಕೇಳಿ ಹುಡುಗನು ಕುಣಿದಾಡಿದನು. ಅಂದೇ ರಾತ್ರಿ ಗಾಡಿಯನ್ನು ಬೀದಿಗಿಳಿಸಬೇಕೆಂದು ಅವನ ಬೇಡಿಕೆ. ತಂದೆಯು ಕೀಲಿಕೈಯನ್ನು ತನ್ನ ಜೇಬಿನಲ್ಲಿ ಹಾಕಿಕೊಂಡು, “ಮೊದಲು ನಿಲ್ಲುವುದು, ಆಮೇಲೆ ಓಡುವುದು” ಎಂದನು. ಬ್ರೇಕುಗಳು ಇನ್ನೂ ಹಳೆಯವೇ ಇದ್ದುವು. ವೇಗವು ಇಮ್ಮಡಿಯಾದರೆ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ಮಾತು. ಹುಡುಗನು ಮುನಿಸಿಕೊಂಡು ಎರಡು ದಿನ ತಂದೆಯೊಡನೆ ಸರಿಯಾಗಿ ಮಾತನಾಡಲಿಲ್ಲ. ತಾಯಿಯೂ ಮಗನ ಪರವಾಗಿ ಒಂದು ಮಾತು ಹೇಳಿ ನೋಡಿದಳು. ಶಿಷ್ಯನು ಜಗ್ಗಲಿಲ್ಲ.

ಮೂರನೆಯ ದಿನ ನಾನು ಹುಡುಗನನ್ನು ಕರೆದು ನಮ್ಮ ಮಠದ ಜಾತ್ರೆಯ ತೇರಿನ ವಿಷಯವನ್ನು ಹೇಳಿದೆನು. ತೇರನ್ನು ಎಳೆಯಲು ಸಾವಿರ ಕೈಗಳಿರುತ್ತವೆ. ಹಗ್ಗ ಹಿಡಿಯಲು ಯಾವ ಪರಿಣತಿಯೂ ಬೇಡ, ಭಕ್ತಿಯೊಂದಿದ್ದರೆ ಸಾಕು. ಆದರೆ ಗಾಲಿಯ ಬದಿಯಲ್ಲಿ ಮರದ ದಿಮ್ಮಿ ಹಿಡಿದು ನಡೆಯುವವರು ಕೆಲವೇ ಮಂದಿ. ತೇರು ಓರೆಯಾದರೆ ತಿರುಗಿಸುವವರೂ, ಇಳಿಜಾರಿನಲ್ಲಿ ತಡೆಯುವವರೂ, ನಿಲ್ಲಬೇಕಾದ ಕಡೆ ನಿಲ್ಲಿಸುವವರೂ ಅವರೇ. ಜನರ ಕಣ್ಣೆಲ್ಲ ಕಳಸದ ಮೇಲೆ. ಅವರ ಕಣ್ಣು ಮಾತ್ರ ಗಾಲಿಯ ಮೇಲೆ. ಅವರು ಕೈಬಿಟ್ಟರೆ ಸಾವಿರ ಜನರ ಭಕ್ತಿಯೇ ಸಾವಿರ ಜನರ ಅಪಾಯವಾಗುತ್ತದೆ. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿಮ್ಮಿ ಹಿಡಿಯುವವರಿಗೆ ಯಾರು ಕಲಿಸುತ್ತಾರೆ, ಅಜ್ಜಾ?” ಎಂದು ಕೇಳಿದನು. “ಅವರ ಅಪ್ಪಂದಿರು” ಎಂದೆನು. ಅಂದು ಸಂಜೆ ಗುಜರಿಯ ಕಾರಿನಿಂದ ದೊಡ್ಡ ಬ್ರೇಕುಗಳನ್ನು ಬಿಚ್ಚುವ ಕೆಲಸಕ್ಕೆ ಅವನೇ ಪಾನಾ ಹಿಡಿದು ಕುಳಿತನು.

ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಎಂಜಿನ್ ಬದಲಾಯಿಸುವುದು ನಿಷಿದ್ಧವಲ್ಲ, ಆದರೆ ಸ್ವೇಚ್ಛೆಯೂ ಅಲ್ಲ. ಹೊಸ ಎಂಜಿನ್ ಗಾಡಿಯಷ್ಟೇ ಅಥವಾ ಅದಕ್ಕಿಂತ ಈಚಿನ ವರ್ಷದ್ದಾಗಿರಬೇಕು. ಹೊಗೆಯನ್ನು ಶುದ್ಧಗೊಳಿಸುವ ಸಾಧನಗಳೆಲ್ಲವೂ ಎಂಜಿನ್ನಿನೊಡನೆ ಬಂದು ಯಥಾಸ್ಥಾನದಲ್ಲಿ ಇರಬೇಕು. ಸರಕಾರವು ನೇಮಿಸಿದ ರೆಫರಿ, ಎಂದರೆ ತೀರ್ಪುಗಾರನು, ಇದನ್ನೆಲ್ಲ ಪರೀಕ್ಷಿಸಿ ಒಪ್ಪಬೇಕು. ಈ ತೀರ್ಪುಗಾರರ ಕೇಂದ್ರಗಳು ಅನೇಕವಾಗಿ ಸಮುದಾಯ ಕಾಲೇಜುಗಳ ಆವರಣದಲ್ಲಿಯೇ ಇರುವುದು ಉಪಾಧ್ಯಾಯನಾದ ನನಗೆ ಬಹಳ ಹಿಡಿಸಿತು.

ಹೊಗೆಯ ಕೊಳವೆಯಲ್ಲಿರುವ ಶುದ್ಧಿಸಾಧನಗಳು ಹೊಗೆಯ ಹರಿವಿಗೆ ಸ್ವಲ್ಪ ಅಡ್ಡಿಯಾಗುತ್ತವೆ. ಅವನ್ನು ಕಿತ್ತರೆ ಇನ್ನಷ್ಟು ಬಲ ದೊರೆಯುತ್ತದೆ. ಹುಡುಗನ ಗೆಳೆಯರು, “ಪರೀಕ್ಷೆಯ ದಿನ ಹಾಕಿ, ಮರುದಿನ ತೆಗೆದರಾಯಿತು, ಯಾರಿಗೆ ಗೊತ್ತಾಗುತ್ತದೆ?” ಎಂದು ಉಪದೇಶಿಸಿದ್ದರು. ಹುಡುಗನು ಅದನ್ನು ತಂದೆಯ ಮುಂದೆ ಅಂಜುತ್ತ ಹೇಳಿದನು. ಶಿಷ್ಯನು ಸಿಟ್ಟಾಗಲಿಲ್ಲ. “ನಿನಗೆ ಗೊತ್ತಾಗುತ್ತದಲ್ಲ?” ಎಂದಷ್ಟೇ ಹೇಳಿ ಕೆಲಸವನ್ನು ಮುಂದುವರಿಸಿದನು. ನಮ್ಮ ಶರಣರು ಕಾಯಕವೆಂದು ಕರೆದುದರ ತಿರುಳು ಆ ಒಂದು ಮಾತಿನಲ್ಲಿ ಅಡಗಿತ್ತೆಂದು ನನಗೆ ತೋರಿತು. ಮಡಿವಾಳ ಮಾಚಯ್ಯ ಬಟ್ಟೆ ಒಗೆದನು. ಅಂಬಿಗರ ಚೌಡಯ್ಯ ದೋಣಿ ನಡೆಸಿದನು. ನುಲಿಯ ಚಂದಯ್ಯ ಹಗ್ಗ ಹೊಸೆದನು. ಮೇದಾರ ಕೇತಯ್ಯ ಬಿದಿರು ಹೆಣೆದನು. ಹೊಸೆದ ಹಗ್ಗದ ಒಳಎಳೆಯನ್ನು ಕೊಳ್ಳುವವನು ಬಿಚ್ಚಿ ನೋಡುವುದಿಲ್ಲ; ಹೊಸೆದವನಿಗೆ ಮಾತ್ರ ಅದು ತಿಳಿದಿರುತ್ತದೆ. ಕೆಲಸವು ಕಾಯಕವಾಗುವುದು ಅಲ್ಲಿಯೇ.

ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಹೋದಾಗ ನಾನೂ ಜೊತೆಗಿದ್ದೆ. ಗಾಡಿಯ ಗಣಕವು ತನ್ನ ಸಾಧನಗಳನ್ನು ತಾನೇ ಪರೀಕ್ಷಿಸಿಕೊಂಡು ವರದಿ ಹೇಳುತ್ತದೆ. ಮೊದಲ ಸಲ ಅಂಥ ಪರೀಕ್ಷೆಯೊಂದು ಇನ್ನೂ ಪೂರ್ಣಗೊಂಡಿರಲಿಲ್ಲವಾಗಿ ಹಿಂದಿರುಗಬೇಕಾಯಿತು. ಇನ್ನೂ ಹತ್ತು ದಿನ ಗಾಡಿಯನ್ನು ಕ್ರಮವಾಗಿ ಓಡಿಸಿ ಮತ್ತೆ ಹೋದೆವು. ತೀರ್ಪುಗಾರನು ದೀಪ ಹಿಡಿದು ಕೊಳವೆ ಕೊಳವೆಯನ್ನೂ ನೋಡಿದನು, ಗಣಕದ ವರದಿಯನ್ನು ಓದಿದನು, ಕೊನೆಗೆ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿಯನ್ನು ಅಂಟಿಸಿದನು. ಈ ಗಾಡಿಯಲ್ಲಿರುವುದು ಇಂಥ ವರ್ಷದ ಇಂಥ ಎಂಜಿನ್ ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಯಾರೇ ಈ ಗಾಡಿಯ ಬಾನೆಟ್ಟನ್ನು ತೆರೆದರೂ ಏನು ಬದಲಾಗಿದೆಯೆಂಬುದು ಅವರಿಗೆ ತಿಳಿಯುತ್ತದೆ. ಪ್ರಾಚೀನ ಗ್ರಂಥವನ್ನು ತಿದ್ದಿದ ಪ್ರಾಮಾಣಿಕನಾದ ಸಂಪಾದಕನು ಮೂಲಪಾಠ ಯಾವುದು, ತಾನು ತಿದ್ದಿದ್ದು ಯಾವುದು ಎಂಬುದನ್ನು ಪುಟದ ಅಡಿಯಲ್ಲಿ ಕಾಣಿಸಿಯೇ ತೀರುತ್ತಾನೆ. ತಿದ್ದುವುದು ಅಪರಾಧವಲ್ಲ, ತಿದ್ದಿ ಮರೆಮಾಡುವುದು ಅಪರಾಧ.

ಇದನ್ನು ಓದಿ ಉತ್ಸಾಹಗೊಳ್ಳುವ ನಮ್ಮ ತರುಣರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ನೋಂದಣಿ ಅಧಿಕಾರಿಗಳನ್ನು ಕೇಳದೆ ಯಾರೂ ಪಾನಾ ಹಿಡಿಯತಕ್ಕದ್ದಲ್ಲ.

ನಮ್ಮ ವಿದ್ಯಾಸಂಸ್ಥೆಯೂ ಇಂದು ಒಂದು ಆದೇಶದ ಕಾಲದಲ್ಲಿಯೇ ಇದೆ. ದಾನಿಗಳ ಔದಾರ್ಯದಿಂದ ಕಪ್ಪುಹಲಗೆಯ ಸ್ಥಾನಕ್ಕೆ ಹೊಳೆಯುವ ಪರದೆಗಳು ಬರುತ್ತಿವೆ. ಹಳೆಯ ಕೊಠಡಿಗಳ ಸ್ಥಾನಕ್ಕೆ ಗಣಕಶಾಲೆಗಳು ಏಳುತ್ತಿವೆ. ಇವೆಲ್ಲ ಬರಲೇಬೇಕು. ನನ್ನ ಬಿನ್ನಹ ಇಷ್ಟೇ: ಹೊಸ ಎಂಜಿನ್ನನ್ನು ಕೊಡುವ ಮಹನೀಯರು ಅದನ್ನು ಹೊರುವ ಅಡ್ಡತೊಲೆಗೂ, ತಡೆಯುವ ಬ್ರೇಕಿಗೂ, ಮಾತು ಮುಟ್ಟಿಸುವ ತಂತಿಗೂ ಒಂದು ಪಾಲು ಎತ್ತಿಡಲಿ. ಪರದೆಯ ಮುಂದೆ ನಿಂತು ಪಾಠ ಹೇಳುವ ಉಪಾಧ್ಯಾಯರ ತರಬೇತಿ, ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವವನ ಸಂಬಳ, ಪ್ರಸಾದನಿಲಯದ ಮಗುವಿನ ಎರಡು ಹೊತ್ತಿನ ಊಟ ಇವು ಯಾವ ಶಿಲಾಫಲಕದಲ್ಲಿಯೂ ಕಾಣುವುವಲ್ಲ. ಆದರೆ ಅವಿಲ್ಲದೆ ಹೊಸ ಬಲವು ಹಳೆಯ ಗಾಡಿಯನ್ನು ಮುರಿದೀತು. ಗಿರಣಿಯ ಸದ್ದಿಗೆ ಕಿವಿಗೊಡುವ ಹುಡುಗರು ನಮ್ಮ ಪ್ರಸಾದನಿಲಯದಲ್ಲಿ ಇಂದಿಗೂ ಇದ್ದಾರೆ. ಅವರ ಕೈಗೆ ಒಂದು ಪುಟ್ಟ ಕಾರ್ಯಾಗಾರವೂ ನಾಲ್ಕು ಉಪಕರಣಗಳೂ ದೊರೆತರೆ ಅದು ಸಣ್ಣ ದಾನವೆನಿಸದು.

ಹಳೆಯದರ ಪೀಠವನ್ನೇರಿದ ಹೊಸದೆಲ್ಲವೂ ಆ ಪೀಠದ ಧರ್ಮವನ್ನು ಅರಿತು ನಡೆಯಲಿ. ಈ ಗುರುಕುಲದ ತೇರು ಎಳೆಯುವವರ ಭಕ್ತಿಯಿಂದಲೂ, ಗಾಲಿಯ ಬದಿಯವರ ಎಚ್ಚರದಿಂದಲೂ ಬಹುಕಾಲ ಮುಂದೆ ಸಾಗಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.